ಒಮಾನಿನ ಗ್ಯಾಬ್ರೊ ಪುಸ್ತಕದ ಅಂಕಿಗೆ ಹೊಂದದಿರುವುದೇಕೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮಸ್ಕತ್‌ನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ರಜೆಗೆ ಬಂದಾಗ ಅಲ್ಲಿನ ಬೆಟ್ಟದ ತಪ್ಪಲಿನ, ಕಪ್ಪು-ಬಿಳಿ ಚುಕ್ಕೆಗಳಿರುವ ಕಲ್ಲೊಂದನ್ನು ತಂದುಕೊಟ್ಟ. ಅದು ಗ್ಯಾಬ್ರೊ, ಒಂದಾನೊಂದು ಕಾಲಕ್ಕೆ ಸಾಗರದ ತಳದಿಂದಲೂ ಹಲವು ಕಿಲೋಮೀಟರ್ ಕೆಳಗಿದ್ದ ಕಲ್ಲು ಎಂದು ಅವನ ಪರಿಚಯದ ಭೂವಿಜ್ಞಾನಿಯೊಬ್ಬರು ಹೇಳಿದರಂತೆ. ಬಿ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಅದರಿಂದ 5 ಸೆಂ.ಮೀ. ಘನವೊಂದನ್ನು ಕೊಯ್ಯಿಸಿದೆವು. ಗಾಳಿಯಲ್ಲಿ 366 ಗ್ರಾಂ, ನೀರಿನಲ್ಲಿ ತೂಗುಹಾಕಿದಾಗ 241 ಗ್ರಾಂ ಬಂತು. ಪಕ್ಕದ ಎಂಜಿನಿಯರಿಂಗ್ ಕಾಲೇಜಿನಿಂದ ಕಾಂಕ್ರೀಟ್ ಪರೀಕ್ಷೆಯ ಶ್ರವಣಾತೀತ ಧ್ವನಿ ಉಪಕರಣವನ್ನು ತಂದು ಅಳೆದರೆ ಪಿ-ತರಂಗದ (ಕಲ್ಲನ್ನು ಮುಂದಕ್ಕೂ ಹಿಂದಕ್ಕೂ ಒತ್ತುತ್ತ ಸಾಗುವ ಅಲೆಯ) ವೇಗ ಸೆಕೆಂಡಿಗೆ 5.6 ಕಿ.ಮೀ. ಸಾಗರ ತೊಗಟೆಯ ಕೆಳಭಾಗದ ವೇಗ 6.7ರಿಂದ 7.2 ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಚಾಮರಾಜನಗರದ ಕಪ್ಪು ಕಲ್ಲಿನ 30 ಸೆಂ.ಮೀ. ಹಲಗೆಯಲ್ಲಿ ಮಾತ್ರ 6.3 ಬಂತು. ಉಪಕರಣ ಕೆಟ್ಟಿದೆಯೇ, ಕಲ್ಲೇ ಬೇರೆಯೇ? ಸಮುದ್ರದಡಿಯ ಕಲ್ಲು ನೀರು ಕುಡಿದು ಮೆತ್ತಗಾಗಿರುತ್ತದೆ, ಅಲ್ಲಿ ವೇಗ ಇನ್ನೂ ಕಡಿಮೆ ಇರಬೇಕು ಎಂದು ಒಬ್ಬ ವಿದ್ಯಾರ್ಥಿ ವಾದಿಸುತ್ತಾನೆ. ಅಲ್ಲಿರುವುದೆಲ್ಲ ಕರಗಿದ ಶಿಲಾಪಾಕ ಎಂದು ಇನ್ನೊಬ್ಬಳು ವಿಡಿಯೊ ತೋರಿಸುತ್ತಾಳೆ. ವರದಿಯಲ್ಲಿ ಯಾವ ಅಂಕಿ ಬರೆಯಬೇಕು? ಚಾಮರಾಜನಗರದ ಕಲ್ಲನ್ನೇ ಬಳಸಿಬಿಡಬಹುದೇ?

ಉತ್ತರ: ಉಪಕರಣವೋ ಕಲ್ಲೋ, ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂಬ ಅನುಮಾನ ನಿಮ್ಮದು. ಉಪಕರಣದ ಮೇಲೆ ನನಗೂ ಸ್ವಲ್ಪ ಅನುಮಾನವಿದೆ, ಕಲ್ಲಿನ ಮೇಲೆ ಅಷ್ಟಿಲ್ಲ. ಆದರೆ ಮುಖ್ಯ ಕಾರಣ ಇವೆರಡೂ ಅಲ್ಲ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿವೆ. ಪುಸ್ತಕದ ಅಂಕಿ ಆ ಬಿರುಕುಗಳು ಮುಚ್ಚಿಕೊಂಡಿದ್ದಾಗಿನದು, ನಿಮ್ಮದು ಅವು ಬಾಯಿ ತೆರೆದಿದ್ದಾಗಿನದು.

ಮೊದಲು ಉಪಕರಣದ ಲೆಕ್ಕ ಮುಗಿಸೋಣ. ಕಾಂಕ್ರೀಟ್ ಪರೀಕ್ಷೆಯ ಉಪಕರಣಗಳಲ್ಲಿ ಸಾಮಾನ್ಯವಾಗಿ ಅಲೆಯನ್ನು ಕಳಿಸುವ ಮತ್ತು ಹಿಡಿಯುವ 54 ಕಿಲೋಹರ್ಟ್ಸ್‌ನ ಟ್ರಾನ್ಸ್‌ಡ್ಯೂಸರ್ ಇರುತ್ತದೆ. ಸೆಕೆಂಡಿಗೆ 6 ಕಿ.ಮೀ. ವೇಗದಲ್ಲಿ ಅದರ ತರಂಗಾಂತರ 11 ಸೆಂ.ಮೀ. ನಿಮ್ಮ ಘನವಿರುವುದು 5 ಸೆಂ.ಮೀ. ಒಂದು ಅಲೆ ಪೂರ್ತಿ ಹಿಡಿಯಲಾರದ ಕಲ್ಲಿನಲ್ಲಿ ಅದರ ಆರಂಭವನ್ನು ಗುರುತಿಸಬೇಕಾದ ಕಷ್ಟ ಉಪಕರಣದ್ದು. ಅಲೆ ನಿಧಾನವಾಗಿ ಏಳುತ್ತದೆ, ಸಂಕೇತ ಒಂದು ಮಟ್ಟ ದಾಟಿದ ಮೇಲಷ್ಟೇ ಗಡಿಯಾರ ನಿಲ್ಲುತ್ತದೆ, ಆದ್ದರಿಂದ ಕಾಲ ಹೆಚ್ಚಾಗಿಯೂ ವೇಗ ಕಡಿಮೆಯಾಗಿಯೂ ಕಾಣುತ್ತದೆ. ಅಂಕಿಗಳನ್ನೇ ನೋಡಿ. 5 ಸೆಂ.ಮೀ. ದಾಟಲು 7.0ರ ವೇಗದಲ್ಲಿ 7.1 ಮೈಕ್ರೋಸೆಕೆಂಡ್ ಬೇಕು, 5.6ರ ವೇಗದಲ್ಲಿ 8.9. ನಿಮ್ಮ ಇಡೀ ತಕರಾರು ಇರುವುದು ಎರಡು ಮೈಕ್ರೋಸೆಕೆಂಡಿಗೂ ಕಡಿಮೆ ಕಾಲದಲ್ಲಿ. ಟ್ರಾನ್ಸ್‌ಡ್ಯೂಸರಿಗೆ ಬಳಿದ ಗ್ರೀಸ್ ದಪ್ಪವಾಗಿದ್ದರೆ, ಜೊತೆಗೆ ಬರುವ ಲೋಹದ ದಂಡದಿಂದ ಶೂನ್ಯ ತಿದ್ದುಪಡಿ ಮಾಡದಿದ್ದರೆ, ಅದರಲ್ಲಿ ಅರ್ಧ ಮೈಕ್ರೋಸೆಕೆಂಡ್ ಸುಮ್ಮನೆ ಹೋಗಿಬಿಡುತ್ತದೆ. 30 ಸೆಂ.ಮೀ. ಹಲಗೆಯಲ್ಲಿ ಒಟ್ಟು ಕಾಲವೇ 47 ಮೈಕ್ರೋಸೆಕೆಂಡಿನಷ್ಟು. ಅಲ್ಲಿ ಅರ್ಧ ಮೈಕ್ರೋಸೆಕೆಂಡಿನ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಚಾಮರಾಜನಗರದ 6.3ನ್ನು ನಾನು ನಂಬುತ್ತೇನೆ, ಒಮಾನಿನ 5.6ನ್ನು ಪೂರ್ತಿ ನಂಬುವುದಿಲ್ಲ. ಶಿಲಾ ಪ್ರಯೋಗಾಲಯಗಳಲ್ಲಿ ಸಣ್ಣ ಮಾದರಿಗಳಿಗೆ 500 ಕಿಲೋಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ವರೆಗಿನ ಟ್ರಾನ್ಸ್‌ಡ್ಯೂಸರ್ ಬಳಸುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಸರಿಪಡಿಸಿದರೂ ನಿಮಗೆ 7.0 ಸಿಗುವುದಿಲ್ಲ. ಬಹುಶಃ 6ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಏಕೆ ಎಂದು ತಿಳಿಯಲು ಕಲ್ಲಿನ ಖನಿಜಗಳಿಂದ ಹೊರಡೋಣ. ಗ್ಯಾಬ್ರೊ ಎಂದರೆ ಬಸಾಲ್ಟಿನದೇ ಶಿಲಾಪಾಕ, ಆದರೆ ಲಾವಾ ಆಗಿ ಹೊರಗೆ ಹರಿಯದೆ ಆಳದಲ್ಲೇ ನಿಧಾನವಾಗಿ ಆರಿ ದೊಡ್ಡ ಹರಳುಗಳಾದದ್ದು. ಬಿಳಿ ಅಥವಾ ಬೂದು ಬಣ್ಣದ ಪ್ಲೇಜಿಯೊಕ್ಲೇಸ್, ಹಸಿರುಗಪ್ಪಿನ ಪೈರಾಕ್ಸೀನ್, ಹಲವು ವೇಳೆ ಒಂದಿಷ್ಟು ಆಲಿವೀನ್. ಇವುಗಳಲ್ಲಿ ಪಿ-ತರಂಗದ ವೇಗ ಕ್ರಮವಾಗಿ ಸುಮಾರು 6.8, 7.7 ಮತ್ತು 8.2. ಒಂದು ಸಾಧಾರಣ ಗ್ಯಾಬ್ರೊದಲ್ಲಿ ಇವು 60, 30, 10ರ ಪ್ರಮಾಣದಲ್ಲಿವೆ ಎಂದುಕೊಂಡು ಅಲೆ ಪ್ರತಿಯೊಂದರಲ್ಲೂ ಕಳೆಯುವ ಕಾಲವನ್ನು ಕೂಡಿದರೆ ಸರಾಸರಿ 7.2 ಬರುತ್ತದೆ. ನಿಮ್ಮ ವಿದ್ಯಾರ್ಥಿಗಳು ಕರಿಹಲಗೆಯ ಮೇಲೆಯೇ ಇದನ್ನು ಮಾಡಬಹುದು. ಖನಿಜಗಳ ಮಟ್ಟಿಗೆ ಪುಸ್ತಕದಲ್ಲಿರುವುದು ಸರಿ ಎಂದಾಯಿತು. ಉಳಿದ ಒಂದು ಕಿಲೋಮೀಟರ್ ಎಲ್ಲಿ ಹೋಯಿತು?

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಕೂದಲೆಳೆಯ ಬಿರುಕಿದ್ದರೂ ಸದ್ದು ಬೊದ್ದಾಗುತ್ತದೆ. ಕಲ್ಲಿನಲ್ಲೂ ಅಷ್ಟೇ. ಉದ್ದ ಒಂದು ಮಿಲಿಮೀಟರ್, ಬಾಯಗಲ ಮಿಲಿಮೀಟರಿನ ಸಾವಿರದ ಒಂದು ಭಾಗ ಇರುವ ಬಿರುಕನ್ನು ಊಹಿಸಿಕೊಳ್ಳಿ. ಇಂಥವು ಕಲ್ಲಿನ ತುಂಬ ಹರಡಿದ್ದರೂ ಒಟ್ಟು ಖಾಲಿ ಜಾಗ ಶೇ. 0.1ನ್ನು ಮುಟ್ಟದಿರಬಹುದು. ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಒಣಗಿದ ಕಲ್ಲಿನಲ್ಲಿ ಪಿ-ತರಂಗದ ವೇಗವನ್ನು ಶೇ. 10ಕ್ಕಿಂತ ಹೆಚ್ಚು ಇಳಿಸಲು ಅಷ್ಟು ಸಾಕು. ದುಂಡನೆಯ ರಂಧ್ರಕ್ಕಿಂತ ಚಪ್ಪಟೆ ಬಿರುಕು ಎಷ್ಟೋ ಪಾಲು ಸುಲಭವಾಗಿ ಬಳುಕುತ್ತದೆ. ರಂಧ್ರತೆ ಎಷ್ಟು ಎಂಬುದಕ್ಕಿಂತ ರಂಧ್ರದ ಆಕಾರ ಯಾವುದು ಎಂಬುದು ಇಲ್ಲಿ ಮುಖ್ಯ. ರಂಧ್ರತೆಯ ಕೋಷ್ಟಕ ನೋಡಿಯೇ ವೇಗ ಊಹಿಸಲು ಹೋದವರೆಲ್ಲ ಎಡವುವುದು ಈ ಜಾಗದಲ್ಲಿ.

ಬಿರುಕುಗಳು ಬರುವುದಕ್ಕೆ ಕಾರಣ ಹಲವು. ಕಲ್ಲು ಮೇಲೆ ಬಂದಾಗ ಅದರ ಮೇಲಿನ ಭಾರ ಇಳಿಯುತ್ತದೆ. ತಣ್ಣಗಾಗುವಾಗ ಪ್ಲೇಜಿಯೊಕ್ಲೇಸ್ ಮತ್ತು ಆಲಿವೀನ್ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಹರಳುಗಳ ಅಂಚುಗಳಲ್ಲಿ ಎಳೆದಾಟ ಶುರುವಾಗುತ್ತದೆ. ನಿಮ್ಮ ಕಲ್ಲಿಗೆ ಇನ್ನೂ ದೊಡ್ಡ ಚರಿತ್ರೆಯೇ ಇದೆ. ಒಮಾನಿನ ಸಮೈಲ್ ಶಿಲಾಸಮೂಹ ಸುಮಾರು 9.5 ಕೋಟಿ ವರ್ಷಗಳ ಹಿಂದೆ ಸಾಗರ ತೊಗಟೆಯಾಗಿ ಹುಟ್ಟಿ, ಆಮೇಲೆ ಅರೇಬಿಯಾ ಭೂಖಂಡದ ಅಂಚಿನ ಮೇಲೆ ಏರಿ ಕುಳಿತದ್ದು. ಆ ಏರಾಟದಲ್ಲಿ ತಿಂದ ಪೆಟ್ಟು, ಮರುಭೂಮಿಯ ಹಗಲು ರಾತ್ರಿಗಳ ಶಾಖ, ಕೊನೆಗೆ ನಿಮ್ಮ ಕಲ್ಲು ಕೊಯ್ದವರ ಚಕ್ರ, ಎಲ್ಲವೂ ತಮ್ಮ ಪಾಲಿನ ಬಿರುಕನ್ನು ಸೇರಿಸಿವೆ. (ಆ ತೊಗಟೆ ಹುಟ್ಟಿದ್ದು ಸಾಮಾನ್ಯ ನಡುಸಾಗರದ ಪರ್ವತಶ್ರೇಣಿಯಲ್ಲೋ, ಒಂದು ಫಲಕ ಇನ್ನೊಂದರ ಕೆಳಗೆ ಜಾರುವ ಜಾಗದ ಮೇಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಪ್ರಾಜೆಕ್ಟಿಗೆ ಅದರಿಂದ ತೊಂದರೆಯಿಲ್ಲ.)

ಈಗ ಅದೇ ಕಲ್ಲು ತನ್ನ ಹುಟ್ಟೂರಿನಲ್ಲಿದ್ದಾಗ ಹೇಗಿತ್ತು ನೋಡಿ. ಸಾಗರ ತೊಗಟೆಯ ಒಟ್ಟು ದಪ್ಪ 6ರಿಂದ 7 ಕಿ.ಮೀ. ಮೇಲಿನ ಎರಡು ಕಿಲೋಮೀಟರಿನಷ್ಟು ಲಾವಾ ಮತ್ತು ಬಿರುಕಿನೊಳಗೆ ನುಗ್ಗಿದ ಪಾಕ ಗೋಡೆಯಂತೆ ಗಟ್ಟಿಯಾದ ಡೈಕ್‌ಗಳು, ಉಳಿದದ್ದರಲ್ಲಿ ಬಹುಪಾಲು ಗ್ಯಾಬ್ರೊ. ನಾಲ್ಕು ಕಿಲೋಮೀಟರ್ ಸಮುದ್ರದ ನೀರು ಸುಮಾರು 40 ಮೆಗಾಪ್ಯಾಸ್ಕಲ್ ಒತ್ತಡ ಹೇರುತ್ತದೆ. ಸಾಗರತಳದಿಂದ ಇನ್ನೂ ನಾಲ್ಕು ಕಿಲೋಮೀಟರ್ ಕಲ್ಲಿನೊಳಗೆ ಇಳಿದರೆ ಮತ್ತೆ 110ಕ್ಕೂ ಹೆಚ್ಚು ಸೇರುತ್ತದೆ. ಮೇಲೆ ಹೇಳಿದ ಸಾವಿರಕ್ಕೊಂದರ ಬಿರುಕು 80ರಿಂದ 100 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಫ್ರಾನ್ಸಿಸ್ ಬರ್ಚ್ 1960ರ ಹೊತ್ತಿಗೆ ನೂರಾರು ಕಲ್ಲುಗಳನ್ನು ಅಧಿಕ ಒತ್ತಡದಲ್ಲಿ ಹಿಂಡಿ ಅಳೆದರು. ಅವರ ವಕ್ರರೇಖೆಗಳೆಲ್ಲ ಒಂದೇ ಚಾಳಿಯವು. ಮೊದಲ ನೂರಿನ್ನೂರು ಮೆಗಾಪ್ಯಾಸ್ಕಲ್‌ವರೆಗೆ ವೇಗ ಸರ್ರನೆ ಏರುತ್ತದೆ, ಬಳಿಕ ಬಹುತೇಕ ಸಮತಟ್ಟು. ಸರ್ರನೆ ಏರುವ ಭಾಗದಲ್ಲಿ ಮುಚ್ಚಿಕೊಳ್ಳುತ್ತಿರುವುದು ಬಿರುಕು, ಸಮತಟ್ಟಾದ ಭಾಗದಲ್ಲಿ ಕಾಣುವುದು ಖನಿಜ. ನಿಮ್ಮ 5.6 ಆ ರೇಖೆಯ ಎಡತುದಿ. ಪುಸ್ತಕದ 7.0 ಅದರ ಬಲಭಾಗ.

ನೀರು ಕುಡಿದ ಕಲ್ಲು ಮೆತ್ತಗಾಗುತ್ತದೆ ಎನ್ನುವ ವಿದ್ಯಾರ್ಥಿಯನ್ನು ಬೈಯಬೇಡಿ, ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಪಿ-ತರಂಗದ ವಿಷಯದಲ್ಲಿ ಆಗುವುದು ಅವನು ಎಣಿಸಿದ್ದಕ್ಕೆ ತದ್ವಿರುದ್ಧ. ಬಿರುಕಿನಲ್ಲಿ ಗಾಳಿಯಿದ್ದರೆ ಅಲೆ ಬಂದು ಒತ್ತಿದಾಗ ಅದು ಸಲೀಸಾಗಿ ಕುಗ್ಗುತ್ತದೆ. ನೀರು ತುಂಬಿದ್ದರೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ತೋಯಿಸಿದ ಗ್ಯಾಬ್ರೊದಲ್ಲಿ ವೇಗ ಹೆಚ್ಚುತ್ತದೆ. ನಿಮ್ಮ ಘನದಲ್ಲಿ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಏರಿದರೂ ನನಗೆ ಅಚ್ಚರಿಯಿಲ್ಲ. ಎಸ್-ತರಂಗ ಕಲ್ಲನ್ನು ಅಡ್ಡಡ್ಡ ಅಲುಗಿಸುವಂಥದು. ಅದನ್ನು ತಡೆಯುವ ಶಕ್ತಿ ನೀರಿಗಿಲ್ಲದ ಕಾರಣ ಅದರ ವೇಗ ಹೆಚ್ಚು ಬದಲಾಗದು. ಅರ್ಧ ಸತ್ಯ ಇರುವುದು ರಸಾಯನದಲ್ಲಿ. ಬಿಸಿ ಸಮುದ್ರನೀರು ಬಿರುಕುಗಳಲ್ಲಿ ಸಾವಿರಾರು ವರ್ಷ ಹರಿದರೆ ಆಲಿವೀನ್ ಸರ್ಪೆಂಟೈನ್ ಆಗುತ್ತದೆ, ಪೈರಾಕ್ಸೀನ್ ಆಂಫಿಬೋಲ್ ಆಗುತ್ತದೆ, ಕ್ಲೋರೈಟ್ ಹುಟ್ಟುತ್ತದೆ. ಆಗ ಕಲ್ಲೇ ಬೇರೆಯಾಗಿ ವೇಗ ಇಳಿಯುತ್ತದೆ. ಬಕೆಟ್ಟಿನಲ್ಲಿ ಒಂದು ವಾರ ನೆನೆಸಿಟ್ಟರೆ ಆಗುವ ಕೆಲಸವಲ್ಲ ಅದು.

ಕರಗಿದ ಶಿಲಾಪಾಕದ ವಿಡಿಯೊ ವಿಚಾರ ಬೇಗ ಮುಗಿಸುತ್ತೇನೆ. ಪೂರ್ವ ಪೆಸಿಫಿಕ್ ಏರಿನಂಥ ವೇಗವಾಗಿ ಹರಡುವ ಪರ್ವತಶ್ರೇಣಿಯ ಅಕ್ಷದ ಕೆಳಗೆ, ಸಾಗರತಳದಿಂದ ಒಂದೆರಡು ಕಿಲೋಮೀಟರ್ ಆಳದಲ್ಲಿ, ತೆಳುವಾದ ಶಿಲಾಪಾಕದ ಮಸೂರ ಇರುತ್ತದೆ. ಅದರ ಕೆಳಗೆ ಹರಳು ಮತ್ತು ಪಾಕ ಬೆರೆತ ಗಂಜಿಯಂಥ ವಲಯ. ಅಕ್ಷದಿಂದ ದೂರ ಸರಿದಂತೆ ಎಲ್ಲವೂ ಗಟ್ಟಿ ಕಲ್ಲೇ. ಕರಗಿದ ಪಾಕದ ಮೂಲಕ ಎಸ್-ತರಂಗ ದಾಟುವುದೇ ಇಲ್ಲ, ಸಾಗರಗಳ ಕೆಳತೊಗಟೆಯನ್ನು ಅದು ಚೆನ್ನಾಗಿಯೇ ದಾಟುತ್ತದೆ. ಅವಳ ವಿಡಿಯೊಗೆ ಇಷ್ಟು ಉತ್ತರ ಸಾಕು.

ಇನ್ನು ಕಲ್ಲು ಗ್ಯಾಬ್ರೊ ಹೌದೋ ಅಲ್ಲವೋ. ನಿಮ್ಮ ತೂಕಗಳಿಂದ ಸಾಂದ್ರತೆ 366ನ್ನು 125ರಿಂದ ಭಾಗಿಸಿದರೆ 2.93. ಗ್ಯಾಬ್ರೊಗೆ ಒಪ್ಪುವ ಅಂಕಿಯೇ. ಆದರೆ ಇಷ್ಟಕ್ಕೇ ಹೆಸರಿಟ್ಟುಬಿಡಬೇಡಿ. ತೊಗಟೆಯ ಕೆಳಗಿರುವ ಮ್ಯಾಂಟಲಿನ ಕಲ್ಲಾದ ಪೆರಿಡೊಟೈಟ್ ತಾಜಾ ಇದ್ದಾಗ ಸಾಂದ್ರತೆ 3.3, ವೇಗ 8ಕ್ಕೂ ಮೇಲೆ. ಅದು ಪೂರ್ತಿ ಸರ್ಪೆಂಟೈನ್ ಆದರೆ ಸಾಂದ್ರತೆ 2.5ರಿಂದ 2.6, ವೇಗ 5ರ ಆಸುಪಾಸು. ಅಂದ ಮೇಲೆ ನಡುವೆ ಎಲ್ಲೋ, ಮೂರನೇ ಒಂದರಿಂದ ಅರ್ಧದಷ್ಟು ಬದಲಾದ ಪೆರಿಡೊಟೈಟ್ ಸಾಂದ್ರತೆಯಲ್ಲೂ ವೇಗದಲ್ಲೂ ಗ್ಯಾಬ್ರೊದ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ. ಒಮಾನಿನಲ್ಲಿ ಈ ಎರಡೂ ಕಲ್ಲುಗಳ ಬೆಟ್ಟಗಳು ಅಕ್ಕಪಕ್ಕದಲ್ಲೇ ಇವೆ.

ಈ ಗೊಂದಲ ನಿಮಗೊಬ್ಬರಿಗೇ ಬಂದದ್ದಲ್ಲ. ಸಾಗರತಳದ ವಿಸ್ತರಣೆಯನ್ನು ವಿವರಿಸಿದ ಹ್ಯಾರಿ ಹೆಸ್ 1962ರಲ್ಲಿ, ಸಾಗರ ತೊಗಟೆಯ ಕೆಳಭಾಗವಾದ ಮೂರನೇ ಪದರವೆಲ್ಲ ಶೇ. 70ರಷ್ಟು ಸರ್ಪೆಂಟೈನ್ ಆದ ಪೆರಿಡೊಟೈಟ್ ಎಂದೇ ವಾದಿಸಿದ್ದರು. ಪಿ-ತರಂಗ ಒಂದನ್ನೇ ಹಿಡಿದುಕೊಂಡರೆ ಆ ವಾದವನ್ನು ತಳ್ಳಿಹಾಕುವುದು ಕಷ್ಟವಿತ್ತು. ಎಸ್-ತರಂಗವನ್ನೂ ಅಳೆದು ಎರಡೂ ವೇಗಗಳಿಂದ ಪಾಯ್ಸನ್ ಅನುಪಾತ (ಒತ್ತಿದಾಗ ಕಲ್ಲು ಅಡ್ಡಕ್ಕೆ ಎಷ್ಟು ಉಬ್ಬುತ್ತದೆ ಎಂಬ ಅಳತೆ) ಲೆಕ್ಕ ಹಾಕಿದಾಗ ಗುಟ್ಟು ಹೊರಬಿತ್ತು. ಗ್ಯಾಬ್ರೊದಲ್ಲಿ ಅದು 0.28ರಿಂದ 0.30, ಸರ್ಪೆಂಟೈನ್ ಹೆಚ್ಚಾದಷ್ಟೂ 0.35ರ ಕಡೆಗೆ ಏರುತ್ತದೆ. ಸಾಗರಗಳಲ್ಲಿ ಅಳೆದ ಬೆಲೆಗಳು ಗ್ಯಾಬ್ರೊದ ಕಡೆಗಿವೆ ಎಂದು ನಿಕೊಲಸ್ ಕ್ರಿಸ್ಟೆನ್ಸನ್ 1972ರಲ್ಲಿ ತೋರಿಸಿದರು.

ನಿಮಗೆ ಅಷ್ಟು ಸಾಹಸ ಬೇಡ. ಹೊಸದಾಗಿ ಕೊಯ್ದ ಮುಖವನ್ನು ಒದ್ದೆ ಮಾಡಿ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಪ್ಲೇಜಿಯೊಕ್ಲೇಸಿನ ಬಿಳಿ ಹರಳುಗಳು ಅರ್ಧಕ್ಕರ್ಧ ಇದ್ದರೆ ಅದು ಗ್ಯಾಬ್ರೊ. ಪೆರಿಡೊಟೈಟಿನಲ್ಲಿ ಅದು ಇರುವುದಿಲ್ಲ ಅಥವಾ ಇದ್ದೂ ಇಲ್ಲದಂತಿರುತ್ತದೆ. ಕಲ್ಲೆಲ್ಲ ಹಸಿರುಗಪ್ಪಾಗಿ, ಹಾವಿನ ಚರ್ಮದಂತೆ ಜಾಲಜಾಲವಾಗಿ, ಕೈಗೆ ನುಣುಪಾಗಿದ್ದರೆ ಸರ್ಪೆಂಟೈನ್ ಎನ್ನಿ. ಕಪ್ಪು-ಬಿಳಿ ಚುಕ್ಕೆ ಎಂದು ನೀವು ಬರೆದಿರುವುದರಿಂದ ನನ್ನ ಮತ ಗ್ಯಾಬ್ರೊಗೇ. ದಾರಕ್ಕೆ ಅಯಸ್ಕಾಂತ ಕಟ್ಟಿ ನೋಡುವ ಉಪಾಯವನ್ನು ಯಾರಾದರೂ ಹೇಳಿದರೆ ಅದೊಂದನ್ನೇ ನೆಚ್ಚಬೇಡಿ. ಪೆರಿಡೊಟೈಟ್ ಸರ್ಪೆಂಟೈನ್ ಆಗುವಾಗ ಮ್ಯಾಗ್ನೆಟೈಟ್ ಹುಟ್ಟುವುದು ನಿಜ, ಆದರೆ ಕಬ್ಬಿಣ ಮತ್ತು ಟೈಟಾನಿಯಂ ಆಕ್ಸೈಡ್ ತುಂಬಿದ ಗ್ಯಾಬ್ರೊಗಳೂ ಇವೆ. ಅವು ಅಯಸ್ಕಾಂತವನ್ನು ಎಳೆಯುತ್ತವೆ, ಸಾಂದ್ರತೆ 3.2ರ ಮೇಲೂ ಹೋಗುತ್ತದೆ, ವೇಗ ಮಾತ್ರ ಆ ಭಾರಕ್ಕೆ ತಕ್ಕಂತೆ ಏರುವುದಿಲ್ಲ. ಭಾರವಾದ ಕಲ್ಲಿನಲ್ಲೆಲ್ಲ ಅಲೆ ವೇಗವಾಗಿ ಓಡುತ್ತದೆ ಎಂಬ ನಂಬಿಕೆಗೆ ಇವೇ ಮೊದಲ ಅಪವಾದ.

ಈ ಆಕ್ಸೈಡ್ ಗ್ಯಾಬ್ರೊಗಳು ಹೇರಳವಾಗಿ ಸಿಕ್ಕಿದ್ದು ಹಿಂದೂ ಮಹಾಸಾಗರದಲ್ಲೇ. ಮಡಗಾಸ್ಕರಿನ ಆಗ್ನೇಯಕ್ಕೆ, ನೈಋತ್ಯ ಹಿಂದೂ ಮಹಾಸಾಗರದ ಪರ್ವತಶ್ರೇಣಿಯಲ್ಲಿ ಅಟ್ಲಾಂಟಿಸ್ ಬ್ಯಾಂಕ್ ಎಂಬ ಮುಳುಗಿದ ದಿಬ್ಬವಿದೆ. ತೊಗಟೆಯ ಮೇಲ್ಪದರವನ್ನು ಒಂದು ದೊಡ್ಡ ಸ್ತರಭಂಗ ಎಳೆದು ತೆಗೆದಿರುವುದರಿಂದ ಅಲ್ಲಿ ಗ್ಯಾಬ್ರೊ ನೇರವಾಗಿ ಸಾಗರತಳಕ್ಕೇ ಬಂದಿದೆ, ಅದೂ ಕೇವಲ 700 ಮೀಟರ್ ನೀರಿನಡಿ. ಜಾಯ್ಡೀಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು 1987ರಲ್ಲಿ ಅಲ್ಲಿ 735ಬಿ ಎಂಬ ರಂಧ್ರವನ್ನು 500 ಮೀಟರ್ ಕೊರೆಯಿತು. 1997ರಲ್ಲಿ ಮತ್ತೆ ಹೋಗಿ 1,508 ಮೀಟರಿಗೆ ಮುಟ್ಟಿಸಿತು, ಕೊನೆಗೆ ಕೊಳವೆಸಾಲು ಮುರಿದು ಕೆಲಸ ನಿಂತಿತು. ಕೊರೆದದ್ದರಲ್ಲಿ ಶೇ. 85ಕ್ಕೂ ಹೆಚ್ಚು ಕಲ್ಲು ಉರುಳೆಯಾಕಾರದ ಕೋರ್ ಆಗಿ ಕೈಗೆ ಸಿಕ್ಕಿತು. ಸಾಗರ ತೊಗಟೆ ಕೊರೆದ ಅನುಭವವಿರುವವರಿಗೆ ಇದು ಎಂಥ ಭಾಗ್ಯ ಎಂದು ಗೊತ್ತು, ಲಾವಾದಲ್ಲಿ ಕೊರೆದರೆ ಎಷ್ಟೋ ಸಲ ಕಾಲುಭಾಗವೂ ಮೇಲೆ ಬರುವುದಿಲ್ಲ. ಆ ಕೋರ್‌ಗಳ ರಂಧ್ರತೆ ಬಹುಪಾಲು ಶೇ. 1ಕ್ಕಿಂತ ಕಡಿಮೆ, ಸಾಂದ್ರತೆ ಹೆಚ್ಚಾಗಿ 2.9ರಿಂದ 3.0ರೊಳಗೆ, ಉಷ್ಣವಾಹಕತೆ ಮೀಟರಿಗೆ ಕೆಲ್ವಿನ್ನಿಗೆ 2ರಿಂದ 2.5 ವ್ಯಾಟ್. ಸಾಗರತಳದ ಕಾಂತೀಯ ಪಟ್ಟೆಗಳಿಗೆ (ಕಲ್ಲಿನ ಕಾಂತತ್ವದ ದಿಕ್ಕು ಸಾಲುಸಾಲಾಗಿ ಅದಲುಬದಲಾಗಿರುವುದಕ್ಕೆ) ಮೇಲಿನ ಲಾವಾ ಮಾತ್ರ ಕಾರಣ ಎಂದುಕೊಂಡಿದ್ದವರಿಗೂ ಈ ಗ್ಯಾಬ್ರೊಗಳು ಆಶ್ಚರ್ಯ ಕೊಟ್ಟವು. ಅವುಗಳ ಕಾಂತತ್ವ ಸ್ಥಿರವಾಗಿದೆ, ಪಟ್ಟೆಗಳಲ್ಲಿ ಪಾಲು ಪಡೆಯುವಷ್ಟು ಬಲವಾಗಿಯೂ ಇದೆ.

ನಿಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡಿ. ಮೂರನೇ ಪದರ ಎಂದರೆ ಗ್ಯಾಬ್ರೊ ಎಂದು ಸಮೀಕರಣ ಬರೆಯಬಾರದು. ಪದರಗಳನ್ನು ಗುರುತಿಸಿದ್ದು ವೇಗದಿಂದ, ಕಲ್ಲನ್ನು ನೋಡಿ ಅಲ್ಲ. ಕೋಸ್ಟರಿಕಾದ ಆಚೆ ಪೆಸಿಫಿಕ್‌ನಲ್ಲಿ ಕೊರೆದ 504ಬಿ ರಂಧ್ರದಲ್ಲಿ ವೇಗ ಎರಡನೇ ಪದರದಿಂದ ಮೂರನೆಯದಕ್ಕೆ ಜಿಗಿದದ್ದು ಇನ್ನೂ ಡೈಕ್‌ಗಳ ನಡುವೆಯೇ ಇದ್ದಾಗ. ಗ್ವಾಟೆಮಾಲ ಜಲಾನಯನದ 1256ಡಿಯಲ್ಲಿ ಕಥೆ ಉಲ್ಟಾ. 2005ರ ಕೊನೆಯಲ್ಲಿ ಅಲ್ಲಿ ಗ್ಯಾಬ್ರೊ ಸಿಕ್ಕಿತು, ವೇಗ ಮಾತ್ರ ಮೂರನೇ ಪದರದ ಮಟ್ಟಕ್ಕೆ ಇನ್ನೂ ಏರಿರಲಿಲ್ಲ. ಆ ಗಡಿಯನ್ನು ನಿರ್ಧರಿಸುವುದರಲ್ಲಿ ಕಲ್ಲಿನ ಜಾತಿಗಿಂತ ಬಿರುಕು, ರಂಧ್ರ ಮತ್ತು ಖನಿಜ ಬದಲಾವಣೆಗಳ ಕೈವಾಡ ಹೆಚ್ಚು. ನಿಮ್ಮ ಪುಟ್ಟ ಘನದಲ್ಲಿ ಆಗಿರುವುದೂ ಅದೇ, ಅಳತೆ ಮಾತ್ರ ಬೇರೆ.

ಚಾಮರಾಜನಗರದ ಕಲ್ಲಿನ ವಿಚಾರ. ವ್ಯಾಪಾರದಲ್ಲಿ ಬ್ಲ್ಯಾಕ್ ಗ್ರ್ಯಾನೈಟ್ ಎನ್ನುವ ಆ ಕಲ್ಲು ಗ್ರ್ಯಾನೈಟೇ ಅಲ್ಲ. ಹಳೆಯ ಭೂಖಂಡದ ಶಿಲೆಯನ್ನು ಸೀಳಿಕೊಂಡು ಬಂದ ಡಾಲರೈಟ್ ಡೈಕ್‌ಗಳಿಂದ ತೆಗೆದದ್ದು. ಪ್ಲೇಜಿಯೊಕ್ಲೇಸ್ ಮತ್ತು ಪೈರಾಕ್ಸೀನ್ ಅದರಲ್ಲೂ ಮುಖ್ಯ, ಹಾಗಾಗಿ ಖನಿಜದ ಮಟ್ಟಿಗೆ ಗ್ಯಾಬ್ರೊದ ಒಡಹುಟ್ಟು. ಹರಳು ಸಣ್ಣದು, ಬಿರುಕು ಕಡಿಮೆ, ಪಾಲಿಶ್‌ಗೆ ಆರಿಸಿದ ಕಲ್ಲಾದ್ದರಿಂದ ಕೊಳೆತ ಭಾಗವೂ ಇಲ್ಲ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಕಲ್ಲು ನಿಮಗೆ ಸಿಗದು. ಆದರೆ ಸಾಗರ ತೊಗಟೆಯ ಮಾದರಿ ಎಂದು ಅದಕ್ಕೆ ಚೀಟಿ ಅಂಟಿಸಿದರೆ ಪರೀಕ್ಷಕರ ಮೊದಲ ಪ್ರಶ್ನೆಗೇ ನಿಮ್ಮ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. ಮಲ್ಪೆ ಕಡಲಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳನ್ನು ತರಬಹುದೇ ಎಂದು ಮುಂದೆ ಯಾರಾದರೂ ಕೇಳಿಯಾರು. ಅವು ಸಮುದ್ರದಲ್ಲಿವೆ ನಿಜ, ಆದರೆ ಸಿಲಿಕಾ ಹೆಚ್ಚಿರುವ ರಯೊಲೈಟ್ ಜಾತಿಯವು, ಭೂಖಂಡದ ಅಂಚಿನಲ್ಲಿ ಹುಟ್ಟಿದವು. ಅವನ್ನು ಅಲ್ಲೇ ಬಿಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಒಣ ಕಲ್ಲಿನ ಅಳತೆಯನ್ನೇ ಕೊಟ್ಟು ಸುಮ್ಮನಾಗಬಹುದು. ಸುಲಭ, ಪ್ರಾಮಾಣಿಕ, ಆದರೆ ಅದು ಸಾಗರದಡಿಯ ಸ್ಥಿತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನೆನೆಸಿ ಅಳೆಯುವುದು ಅದಕ್ಕಿಂತ ಮೇಲು. ಇಲ್ಲಿನ ಅಪಾಯ, ಸೂಕ್ಷ್ಮ ಬಿರುಕಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ನೀರು ಪೂರ್ತಿ ಇಳಿಯದಿರುವುದು. ನಿಮ್ಮ ಪ್ರಯೋಗಾಲಯದ ನಿರ್ವಾತ ಪಂಪ್ ಮತ್ತು ಗಾಜಿನ ಗಂಟೆಯನ್ನು ಬಳಸಿ, ಮೊದಲು ಗಾಳಿ ಹೀರಿ ಆಮೇಲೆ ನೀರು ಬಿಡಿ. ಒಣಗಿಸುವಾಗ ಅವಸರಕ್ಕೆ ಒಲೆಯ ಮೇಲಿಡಬೇಡಿ, ಶಾಖವೇ ಹೊಸ ಬಿರುಕು ತರುತ್ತದೆ. ಅರವತ್ತು ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟರೆ ಸಾಕು. ಮೂರನೆಯದು, ಅಧಿಕ ಒತ್ತಡದ ಉಪಕರಣವಿರುವ ಸಂಶೋಧನಾ ಸಂಸ್ಥೆಗೆ ಮಾದರಿ ಕಳಿಸುವುದು. ಸರಿಯಾದ ಉತ್ತರ ಅಲ್ಲಿಯೇ ಸಿಗುತ್ತದೆ, ಆದರೆ ಘನದಿಂದ ಸಣ್ಣ ಉರುಳೆ ಕೊರೆಯಬೇಕು, ಸರದಿ ಬರುವಷ್ಟರಲ್ಲಿ ನಿಮ್ಮ ವಿದ್ಯಾರ್ಥಿಗಳ ಪರೀಕ್ಷೆ ಮುಗಿದಿರುತ್ತದೆ. ಖನಿಜಗಳಿಂದ ಲೆಕ್ಕ ಹಾಕಿದ 7.2 ಖರ್ಚಿಲ್ಲದ ದಾರಿ. ಅದನ್ನು ಅಳತೆ ಎಂದು ಬರೆಯಬಾರದು, ಮೇಲಿನ ಮಿತಿ ಎಂದು ಬರೆಯಬೇಕು. ಬಿರುಕೂ ಇಲ್ಲ, ಖನಿಜ ಬದಲಾವಣೆಯೂ ಇಲ್ಲ ಎಂಬ ಊಹೆ ಅದರೊಳಗಿದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಒಂದೇ ಕೋಷ್ಟಕದಲ್ಲಿ ಮೂರು ಅಂಕಿ ಹಾಕಿಸುತ್ತಿದ್ದೆ: ಒಣಗಿದ್ದಾಗ, ನೀರು ತುಂಬಿದಾಗ, ಖನಿಜಗಳ ಲೆಕ್ಕದಿಂದ. ಪ್ರತಿಯೊಂದರ ಪಕ್ಕದಲ್ಲಿ ಒತ್ತಡ, ತೇವ ಮತ್ತು ಆವರ್ತನ. ಆ ಮೂರು ಮಾಹಿತಿಯಿಲ್ಲದ ವೇಗದ ಅಂಕಿಯನ್ನು ಶಿಲಾಭೌತಶಾಸ್ತ್ರದಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಘನಕ್ಕೆ ಮೂರು ಜೊತೆ ಮುಖಗಳಿವೆ, ಮೂರೂ ದಿಕ್ಕಿನಲ್ಲಿ ಅಳೆಯಿಸಿ. ಒಮಾನಿನ ಕೆಳತೊಗಟೆಯ ಗ್ಯಾಬ್ರೊಗಳಲ್ಲಿ ಪದರಗಳಿರುವುದುಂಟು, ಹರಳುಗಳು ಒಂದೇ ದಿಕ್ಕಿಗೆ ಮಲಗಿದ್ದರೆ ವೇಗದಲ್ಲಿ ಶೇಕಡಾ ಕೆಲವಷ್ಟು ವ್ಯತ್ಯಾಸ ಸಹಜ. ಒಂದು ದಿಕ್ಕು ಮಾತ್ರ ಶೇ. 10ರಷ್ಟು ಹಿಂದೆ ಬಿದ್ದು, ನೀರು ತುಂಬಿದ ಮೇಲೆ ಆ ಅಂತರ ಬಹುಮಟ್ಟಿಗೆ ಕರಗಿದರೆ ಅದು ಹರಳಿನ ಜೋಡಣೆಯಲ್ಲ, ಆ ದಿಕ್ಕಿಗೆ ಅಡ್ಡವಾಗಿ ಸಾಲುಗಟ್ಟಿದ ಬಿರುಕುಗಳು.